ಯಲ್ಲಾ, ಯಲ್ಲಾಪುರ!

ಭಾನುವಾರ ಮಧ್ಯಾಹ್ನ ಮೀಟಿಂಗು ಅಂದರೆ ನನ್ನ ಗೆಳೆಯರು ಅಯ್ಯೋ ಪಾಪ ಅನ್ನುತ್ತಾರೆ. ಇಸ್ರೇಲಿನ ಟೀಮಿನ ಜೊತೆ ಕೆಲಸ ಮಾಡುವವರಿಗೆ ಇದು ಅಭ್ಯಾಸ. ಅವರ ವಾರ ಶುರುವಾಗುವುದೇ ಭಾನುವಾರ. ಒಮ್ಮೆ ಊರಿಗೆ ಹೋದವನು ನಮ್ಮ ಸಿದ್ದಾಪುರದ ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಯಲ್ಲಾಪುರದ ಭಾವನ ಮನೆಯಿಂದ ಲಾಗಿನ್ ಆಗಿದ್ದೆ. 'ಈಗ ಯಾವ ಊರಲ್ಲಿದ್ದೀಯ?' ಅಂತ ಟೆಲ್ ಅವೀವಿನ ಗೆಳೆಯ ಕೇಳಿದ. 'ಯಲ್ಲಾಪುರ' ಅಂದೆ. ಆ ಕಡೆಯಿದ್ದ ಮೂರೂ ಜನ ಬಿದ್ದೂ ಬಿದ್ದೂ ನಕ್ಕರು.

ಕಾರಣ ಆಮೇಲೆ ಗೊತ್ತಾಯ್ತು. 'ಯಲ್ಲಾ' ಅಂದರೆ 'ನಡಿ ಮತ್ತೆ, ಹೊರಡು'. ಅರಬ್ಬಿಯಿಂದ ಹೀಬ್ರೂಗೆ ಬಂದು ಅಲ್ಲೇ ಬೇರುಬಿಟ್ಟ ಮಾತು. 'ಪುರ್' ಅಂದರೆ ಎತ್ತುವ ಚೀಟಿ. 'ನಡಿ, ಚೀಟಿ ಎತ್ತು' ಅಂತ ನಾನು ಊರಿನ ಹೆಸರು ಹೇಳಿದ ಹಾಗಾಗಿತ್ತು.

ಹೀಬ್ರೂ ಕಲಿಯಬೇಕು ಅನ್ನಿಸಿದ್ದು ಆ ನಗುವಿನಿಂದ. ಅಕ್ಷರ ಮೊದಲೇ ನೋಡಿದ್ದೆ. ಕಾಲೇಜಿನ ದಿನಗಳಲ್ಲಿ ದೇವಿಮನೆ ಘಟ್ಟ ಇಳಿದು ಗೋಕರ್ಣಕ್ಕೆ ಹೋದಾಗಲೆಲ್ಲ ಕುಡ್ಲೆ ತೀರದ ಹೋಟೆಲುಗಳಲ್ಲಿ ಅದೇ ಚೌಕ ಚೌಕದ ಅಕ್ಷರಗಳ ಬೋರ್ಡು. ಸೈನ್ಯದ ಕಡ್ಡಾಯ ಸೇವೆ ಮುಗಿಸಿ ಬ್ಯಾಗು ಹೊತ್ತು ಬರುವ ಇಸ್ರೇಲಿ ಹುಡುಗ ಹುಡುಗಿಯರಿಗಾಗಿ ಬರೆದದ್ದು. ಓದುವುದು ಬಲದಿಂದ ಎಡಕ್ಕೆ ಅಂತಲೂ ಆಗ ನನಗೆ ಗೊತ್ತಿರಲಿಲ್ಲ.

ವ್ಯಾಕರಣದ ಪುಸ್ತಕ ಹಿಡಿದಿದ್ದರೆ ಎರಡು ವಾರಕ್ಕೇ ಬಿಡುತ್ತಿದ್ದೆ. ಹಾಗಾಗಿ ವಾರದ ದಿನ, ಊಟ, ಹಬ್ಬ, ಬೈಗುಳ ಹೀಗೆ ಶುರುಮಾಡಿದೆ. ವಾರದ ಹೆಸರು ಬಲು ಸುಲಭ. ಯೋಮ್ ರಿಶೋನ್, ಯೋಮ್ ಶೇನಿ ಅಂದರೆ ಮೊದಲ ದಿನ, ಎರಡನೇ ದಿನ. ಆರು ದಿನ ಎಣಿಸಿದ ಮೇಲೆ ಏಳನೆಯದಕ್ಕೆ ಮಾತ್ರ ಶಬ್ಬಾತ್ ಅಂತ ಹೆಸರು. 'ಸಬಾಬಾ' ಅಂದರೆ ನಮ್ಮ ಕಡೆಯ 'ಅಡ್ಡಿಲ್ಲೆ'. ಚಹಾ ಬೇಕಾ ಅಂದರೂ ಅಡ್ಡಿಲ್ಲೆ, ಆರೋಗ್ಯ ಹೇಗಿದೆ ಅಂದರೂ ಅಡ್ಡಿಲ್ಲೆ. ಅಪ್ಪನಿಗೆ 'ಅಬ್ಬಾ' ಅಂತಾರೆ ಅಂತ ಹೇಳಿದಾಗ ವಿಟ್ಲ ಕಡೆಯ ಹವ್ಯಕ ಸಹೋದ್ಯೋಗಿಯೊಬ್ಬ ಬೆಚ್ಚಿಬಿದ್ದ. ಅವನ ಮನೆಯಲ್ಲಿ ತಾಯಿ 'ಅಬ್ಬೆ'!

ಹಬ್ಬಗಳಂತೂ ಮನೆಯ ಪಂಚಾಂಗ ನೋಡಿದಂತೆ. ಅವರದ್ದೂ ಚಂದ್ರನ ತಿಂಗಳು, ಸೂರ್ಯನ ವರ್ಷ. ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕಮಾಸ. ಸುಕ್ಕೋತ್ ಅಂತ ಒಂದು ಸುಗ್ಗಿ ಹಬ್ಬ ಇದೆ. ಮನೆಯ ಹೊರಗೆ ಚಪ್ಪರ ಹಾಕಿ, ಸೊಪ್ಪು ಸೋಗೆ ಹೊದೆಸಿ, ಏಳು ದಿನ ಅದರೊಳಗೆ ಕೂತು ಊಟ. ಶುರುವಾಗುವುದು ಹುಣ್ಣಿಮೆಗೆ, ಎಷ್ಟೋ ವರ್ಷ ನಮ್ಮ ಭೂಮಿ ಹುಣ್ಣಿಮೆಗೇ. ಸಿದ್ದಾಪುರದ ದೀವರ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆದು, ತೆನೆ ಹೊತ್ತ ಗದ್ದೆಗೆ ಬಸುರಿಗೆ ಬಡಿಸಿದ ಹಾಗೆ ಬಡಿಸುವ ದಿನ ಅದು. 2024ರಲ್ಲಿ ಅಕ್ಟೋಬರ್ 16ರ ಸಂಜೆ ಅಲ್ಲಿ ಚಪ್ಪರದೊಳಗೆ ದೀಪ, ಮಾರನೇ ದಿನ ಇಲ್ಲಿ ಗದ್ದೆಯಲ್ಲಿ ಎಡೆ. 2023ರಲ್ಲಿ ಮಾತ್ರ ಒಂದು ತಿಂಗಳ ವ್ಯತ್ಯಾಸ, ಯಾಕೆಂದರೆ ನಮಗೆ ಅಧಿಕ ಶ್ರಾವಣ ಬಂದಿತ್ತು. ಅವರ ಅಧಿಕಮಾಸ ಬಂದದ್ದು ಮುಂದಿನ ಫೆಬ್ರವರಿಯಲ್ಲಿ.

ಇನ್ನು ಆ 'ಪುರ್' ಚೀಟಿ. ಅದರ ಹೆಸರಲ್ಲೇ ಪುರೀಮ್ ಅಂತ ಹಬ್ಬ ಇದೆ. ಹಾಮಾನ್ ಎಂಬ ಮಂತ್ರಿ ಯೆಹೂದ್ಯರನ್ನೆಲ್ಲ ಕೊಲ್ಲಿಸಲು ಚೀಟಿ ಎತ್ತಿ ದಿನ ಗೊತ್ತುಮಾಡಿದ. ರಾಜನನ್ನು ಮದುವೆಯಾಗಿದ್ದ ಎಸ್ತೇರಳು ತನ್ನ ಜನರನ್ನು ಉಳಿಸಿದಳು. ಕಥೆ ಓದುವಾಗ ಹಾಮಾನನ ಹೆಸರು ಬಂದಾಗಲೆಲ್ಲ ಮಕ್ಕಳು ಗಿರಗಿಟ್ಟಲೆ ತಿರುಗಿಸಿ ಗಲಾಟೆ ಮಾಡಬೇಕು, ವೇಷ ಹಾಕಿ ಬೀದಿ ಸುತ್ತಬೇಕು. ಬರುವುದು ಸಾಮಾನ್ಯವಾಗಿ ಹೋಳಿ ಹುಣ್ಣಿಮೆಯ ಆಸುಪಾಸು. ಶಿರಸಿಯವರಿಗೆ ಮುಂದಿನದು ಹೇಳಬೇಕಾಗಿಯೇ ಇಲ್ಲ. ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಯ ರಾತ್ರಿಗಳಲ್ಲಿ ಬೆನ್ನಿಗೆ ನವಿಲುಗರಿ ಕಟ್ಟಿಕೊಂಡು ಬೇಡರ ವೇಷ ಕುಣಿಯುತ್ತದೆ. ಊರು ಕಾಯಲು ಇಟ್ಟ ಬೇಡನೇ ಊರಿಗೆ ಕಂಟಕವಾದ, ಅವನ ಕಾಟ ನಿಲ್ಲಿಸಲೆಂದೇ ರುದ್ರಾಂಬಿಕೆ ಅವನನ್ನು ಮದುವೆಯಾದಳು ಅನ್ನುವುದು ಅದರ ಹಿಂದಿನ ಕಥೆ. 2025ರ ಮಾರ್ಚ್ 14ಕ್ಕೆ ಎರಡೂ ಒಂದೇ ದಿನ ಬಿದ್ದವು. ತಮಟೆಯ ವಿಡಿಯೊ ನಾನು ಕಳಿಸಿದೆ, ಸ್ಪೈಡರ್‌ಮ್ಯಾನ್ ಆದ ಮಗನ ಫೋಟೊ ಅವನು ಕಳಿಸಿದ. ಎರಡು ಕಥೆಗೂ ನಂಟಿದೆ ಅಂತ ನಾನು ವಾದಿಸುತ್ತಿಲ್ಲ. ವಾಟ್ಸಾಪಿನಲ್ಲಿ ಅಂಥ ಸಂಶೋಧನೆಗಳು ಬೇಕಾದಷ್ಟಿವೆ.

ನಂಟು ನಿಜವಾಗಿಯೂ ಇರುವ ಕಡೆ ನಾನು ಹುಡುಕಿಯೇ ಇರಲಿಲ್ಲ. ಅದಿರುವುದು ಮಂಗಳೂರಿನಲ್ಲಿ. ಇಂದಿನ ಟ್ಯುನೀಷಿಯಾದ ಮಹದಿಯಾದಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವ್ಯಾಪಾರಿ 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ್ದ. 1149ರಲ್ಲಿ ಏಡನ್‌ಗೆ ಮರಳುವ ತನಕ ಅವನು ಹೆಚ್ಚಿನ ಕಾಲ ಕಳೆದದ್ದು ಈ ಕರಾವಳಿಯಲ್ಲೇ. ಕಂಚಿನ ಪಾತ್ರೆಯ ಕಾರ್ಖಾನೆ ಇಟ್ಟುಕೊಂಡಿದ್ದ. ಕಾಳುಮೆಣಸು, ಏಲಕ್ಕಿ, ಕಬ್ಬಿಣ, ಮತ್ತೆ ಕೇಳಿ, ಅಡಿಕೆ ಹಡಗಿಗೆ ಹಾಕಿ ಏಡನ್‌ಗೆ ಕಳಿಸುತ್ತಿದ್ದ. ನಮ್ಮವರು ತಾಳೆಗರಿಯಲ್ಲಿ ಬರೆಯುತ್ತಿದ್ದ ಕಾಲ. ಅವನಿಗೆ ಬೇಕಾದ ಕಾಗದ ಏಡನ್ನಿನ ಗೆಳೆಯರು ಕಳಿಸುತ್ತಿದ್ದರು. ಆಶು ಎಂಬ ದಾಸಿಯನ್ನು 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲೇ ಪತ್ರ ಬರೆದು ಬಿಡುಗಡೆ ಮಾಡಿದ. ಅವನು ಮದುವೆಯಾದದ್ದು ಅವಳನ್ನೇ ಎಂದು ವಿದ್ವಾಂಸರು ನಂಬುತ್ತಾರೆ. ಅವನ ಕೆಲಸದಾಳು ಬೊಮ್ಮ. ಆ ಹೆಸರು ತುಳುನಾಡಿನದೆಂದು ಗುರುತಿಸಿ ಅಮಿತಾವ್ ಘೋಷ್ 1992ರಲ್ಲಿ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಬರೆದರು. ಕೈರೋದ ಹಳೆಯ ಸಿನಗಾಗಿನ ಕೋಣೆಯೊಂದರಲ್ಲಿ ಈ ಕಾಗದಗಳು ಶತಮಾನಗಟ್ಟಲೆ ಬಿದ್ದಿದ್ದವು. ದೇವರ ಹೆಸರು ಇರಬಹುದಾದ ಬರಹವನ್ನು ಎಸೆಯಬಾರದು ಎಂಬ ಪದ್ಧತಿ ಅವನ್ನು ಕಾಪಾಡಿತ್ತು. 1890ರ ದಶಕದಲ್ಲಿ ಅವುಗಳಲ್ಲಿ ಬಹಳಷ್ಟು ಕೇಂಬ್ರಿಜ್‌ಗೆ ಹೋದವು.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಅಡಿಕೆಯಲ್ಲ, ಆ ಪತ್ರಗಳ ಭಾಷೆ. ಅಕ್ಷರ ಹೀಬ್ರೂ, ಮಾತು ಅರಬ್ಬಿ. ಹೀಬ್ರೂ ಆಗಲೇ ಮನೆಮಾತಾಗಿ ಉಳಿದಿರಲಿಲ್ಲ. ಕ್ರಿಸ್ತಶಕ ಮೂರನೇ ಶತಮಾನದ ಹೊತ್ತಿಗೆ ಅದು ನಾಲಿಗೆಯಿಂದ ಇಳಿದು ಪ್ರಾರ್ಥನೆ, ಕಾನೂನು, ಕಾವ್ಯದ ಭಾಷೆಯಾಗಿತ್ತು. ನಮ್ಮ ಸೋಂದಾ ಸ್ವರ್ಣವಲ್ಲಿಯ ಪಾಠಶಾಲೆಯಲ್ಲಿ ವೇದ ಹೇಳುವ ಮಾಣಿ ಊಟದ ಪಂಕ್ತಿಯಲ್ಲಿ ಅಪ್ಪೆಹುಳಿ ಕೇಳುವುದು ಸಂಸ್ಕೃತದಲ್ಲಲ್ಲವಲ್ಲ, ಹಾಗೆ.

ಅಂಥ ಭಾಷೆಯಲ್ಲಿ ಅಪ್ಪೆಹುಳಿ ಕೇಳಿಯೇ ಸೈ ಅಂತ ಹೊರಟವನು ಎಲಿಯೆಜರ್ ಬೆನ್ ಯೆಹೂದಾ. 1858ರಲ್ಲಿ ಇಂದಿನ ಬೆಲಾರೂಸ್‌ನಲ್ಲಿ ಹುಟ್ಟಿದ, 1881ರಲ್ಲಿ ಜೆರುಸಲೇಮಿಗೆ ಬಂದ. ಮರುವರ್ಷ ಮಗ ಹುಟ್ಟಿದಾಗ ಮನೆಯಲ್ಲಿ ಕಟ್ಟಪ್ಪಣೆ: ಮಗುವಿನ ಕಿವಿಗೆ ಹೀಬ್ರೂ ಬಿಟ್ಟು ಬೇರೆ ಮಾತು ಬೀಳಕೂಡದು. ಹೆಂಡತಿ ದೆವೋರಾ ಒಂದು ದಿನ ಮೈಮರೆತು ರಷ್ಯನ್ ಜೋಗುಳ ಹಾಡಿದಳಂತೆ, ಗಂಡ ರೇಗಿ ಕೂಗಾಡಿದನಂತೆ, ಹೆದರಿದ ಮಗು 'ಅಬ್ಬಾ, ಅಬ್ಬಾ' ಎಂದು ಮೊದಲ ಮಾತಾಡಿತಂತೆ. ಮಗನೇ ದೊಡ್ಡವನಾದ ಮೇಲೆ ಹೇಳಿಕೊಂಡ ಕಥೆ ಇದು. ಜೋಗುಳ ನುಂಗಿಕೊಂಡ ಆ ತಾಯಿಯನ್ನು ನೆನೆದರೆ ನನಗೆ ಈಗಲೂ ಒಂಥರಾ ಆಗುತ್ತದೆ.

ಅವನು ಟಂಕಿಸಿದ ಶಬ್ದಗಳನ್ನು ನೋಡಿ: ಗೊಂಬೆಗೆ ಬುಬಾ, ಟವೆಲಿಗೆ ಮಗೆವೆತ್, ಐಸ್‌ಕ್ರೀಮಿಗೆ ಗ್ಲಿದಾ. ಮಗುವಿರುವ ಮನೆಗೆ ಬೇಕಾದ ಸಾಮಾನಿನ ಪಟ್ಟಿಯ ಹಾಗಿದೆ. ನಾವು 'ಗಣಕಯಂತ್ರ' ಅಂತ ಕಟ್ಟಿ ಕಚೇರಿಯ ಬೋರ್ಡಿಗೆ ಹಾಕಿ ಬಂದೆವು. ಅವರು 'ಯೋಚಿಸು' ಎಂಬ ಧಾತುವಿನಿಂದ 'ಮಖ್‌ಶೇವ್' ಮಾಡಿದರು, ನನ್ನ ಟೀಮಿನವರು ಈಗಲೂ ಅದನ್ನೇ ಬಳಸುತ್ತಾರೆ. ಹೈಫಾದ ಟೆಕ್ನಿಯನ್ ಇನ್ನೂ ಬಾಗಿಲು ತೆರೆಯುವ ಮೊದಲೇ, 1913ರಲ್ಲಿ, ವಿಜ್ಞಾನದ ಪಾಠ ಜರ್ಮನ್‌ನಲ್ಲಿ ಎಂದು ಆಡಳಿತ ನಿರ್ಧರಿಸಿದಾಗ ಮೇಷ್ಟ್ರುಗಳೂ ವಿದ್ಯಾರ್ಥಿಗಳೂ ಮುಷ್ಕರ ಹೂಡಿ ಅದನ್ನು ತಿರುಗಿಸಿದರು. ಒಂದು ಶಬ್ದ ಮಾತ್ರ ತಮಾಷೆಯಾಗಿದೆ. ಬೈಬಲಿನಲ್ಲಿ ರಾಜ ಸೊಲೊಮನ್‌ನ ಹಡಗು ತಂದ 'ತುಕ್ಕಿ' ಅಂದರೆ ನವಿಲು, ಅದು ನಮ್ಮ 'ತೋಕೆ'ಯ, ತಮಿಳಿನ 'ತೋಗೈ'ಯ ನೆಂಟ ಎಂದು ಕಾಲ್ಡ್‌ವೆಲ್ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಇವತ್ತಿನ ಹೀಬ್ರೂನಲ್ಲಿ ತುಕ್ಕಿ ಅಂದರೆ ಗಿಳಿ!

1922ರಲ್ಲಿ ಬ್ರಿಟಿಷರು ಇಂಗ್ಲಿಷ್, ಅರಬ್ಬಿಗಳ ಜೊತೆ ಹೀಬ್ರೂವನ್ನೂ ಪ್ಯಾಲೆಸ್ಟೈನಿನ ಅಧಿಕೃತ ಭಾಷೆ ಮಾಡಿದರು. ಬೆನ್ ಯೆಹೂದಾ ತೀರಿಕೊಂಡದ್ದೂ ಅದೇ ವರ್ಷ.

ಈ ಕಥೆಯನ್ನು ನಾನು ಮೊದಲು ಅಸೂಯೆಯಿಂದ ಓದಿದೆ. ನನ್ನ ಮಗಳಿಗೆ ಆರು ವರ್ಷ. ಹೆಂಡತಿ ಮೈಸೂರು ಕಡೆಯವಳು, ಮನೆಯಲ್ಲಿ ನಾವಾಡುವುದು ಪೇಟೆ ಕನ್ನಡ, ಅರ್ಧಕ್ಕರ್ಧ ಇಂಗ್ಲಿಷು. ಫೋನಿನಲ್ಲಿ ಮಗಳು ಪಟಪಟ ಮಾತಾಡಿದರೆ ಆಯಿ ನನ್ನ ಹತ್ತಿರ, 'ಕೂಸು ಎಂತ ಹೇಳ್ತಾ ಇದ್ದು ತಮಾ? ಯಂಗೆ ತಿಳಿತಿಲ್ಲೆ' ಅನ್ನುತ್ತಾಳೆ. ಆಯಿ ಹೇಳಿದ್ದು ಮಗಳಿಗೆ ತಿಳಿಯುವುದಿಲ್ಲ. ನಡುವೆ ನಾನು ದುಭಾಷಿ. ಹೆಂಗಸರಿಗೆ 'ಬಂದಳು' ಅನ್ನದೆ 'ಬಂತು' ಅನ್ನುವ ನಮ್ಮ ಹವಿಗನ್ನಡ ನನ್ನ ಜೊತೆಗೇ ನಿಂತುಹೋಗುತ್ತದೆ ಅನ್ನಿಸಿದಾಗ, ಬೆನ್ ಯೆಹೂದಾನ ಕಟ್ಟಪ್ಪಣೆ ಹೊರಡಿಸಲೇ ಎಂದು ನಿಜಕ್ಕೂ ಯೋಚಿಸಿದ್ದೆ.

ಆಗ ಪುರೀಮಿನ ತಿಂಡಿ ಅಡ್ಡ ಬಂತು. ಮೂರು ಮೂಲೆಯ, ಒಳಗೆ ಗಸಗಸೆ ಹೂರಣದ ಬಿಸ್ಕತ್ತಿನಂಥದ್ದು. ಹೀಬ್ರೂನಲ್ಲಿ ಅದು 'ಓಜ್ನೇಯ್ ಹಾಮಾನ್', ಹಾಮಾನನ ಕಿವಿಗಳು. 'ನನ್ನಜ್ಜಿ ಮಾತ್ರ ಹಾಮಂತಾಶ್ ಅನ್ನುತ್ತಿದ್ದಳು' ಅಂದ ಗೆಳೆಯ. ಯಿಡ್ಡಿಷ್ ಮಾತು, ಅದರಲ್ಲಿ ತಾಶ್ ಅಂದರೆ ಜೇಬು. ಅಜ್ಜಿಯ ಯಿಡ್ಡಿಷ್ ನಿನಗೆ ಬರುತ್ತದಾ ಎಂದೆ. ಬರುವುದಿಲ್ಲ. ಅವನ ಅಪ್ಪನಿಗೆ ಅರ್ಥವಾಗುತ್ತಿತ್ತು, ಆದರೆ ಬೀದಿಯಲ್ಲಿ ಅಮ್ಮ ಯಿಡ್ಡಿಷ್ ಮಾತಾಡಿದರೆ ನಾಚಿಕೆಯಾಗಿ 'ಹೀಬ್ರೂನಲ್ಲಿ ಹೇಳು' ಎಂದು ಸೆರಗು ಜಗ್ಗುತ್ತಿದ್ದನಂತೆ. ಸುಮ್ಮನೆ ಬಂದ ನಾಚಿಕೆಯಲ್ಲ ಅದು. 1923ರಲ್ಲಿ ಟೆಲ್ ಅವೀವಿನ ಹೈಸ್ಕೂಲು ಹುಡುಗರು 'ಭಾಷಾ ರಕ್ಷಕರ ದಳ' ಕಟ್ಟಿ, ಯಿಡ್ಡಿಷ್ ಮಾತಾಡುವವರನ್ನು ಬೀದಿಯಲ್ಲಿ ತಡೆದು ಗದರಿಸುತ್ತಿದ್ದರು, ಸಭೆಗಳನ್ನು ಕೆಡಿಸುತ್ತಿದ್ದರು. ಮೊರೊಕ್ಕೊ, ಇರಾಕ್‌ಗಳಿಂದ ಬಂದ ಮನೆಗಳಲ್ಲಿ ಅರಬ್ಬಿಗೂ ಆಮೇಲೆ ಹೆಚ್ಚುಕಡಿಮೆ ಅದೇ ಗತಿ. ಬೆನ್ ಯಿಜು ಪತ್ರ ಬರೆದದ್ದು ಅಂಥದೇ ಒಂದು ಅರಬ್ಬಿಯಲ್ಲಿ! ಸತ್ತಂತಿದ್ದ ಭಾಷೆಯನ್ನು ಎಬ್ಬಿಸಿದ ಮನೆಯಲ್ಲೇ ಅಜ್ಜಿಯ ಮಾತು ಸತ್ತಿತ್ತು. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಮಕ್ಕಳು ಮೊಮ್ಮಕ್ಕಳಾದ ಯಲ್ಲಾಪುರದ ಸಿದ್ದಿಗಳು ಇವತ್ತು ಮನೆಯಲ್ಲಿ ಕೊಂಕಣಿ ಆಡುತ್ತಾರೆ. ಶಾಲೆಯಲ್ಲಿ ಅವರ ಪಕ್ಕದ ಬೆಂಚಿನಲ್ಲಿ ಕೂತ ನಾನು, ನಿಮ್ಮ ಮುತ್ತಜ್ಜಂದಿರ ಮಾತು ಯಾವುದಿತ್ತೋ ಎಂದು ಒಮ್ಮೆಯೂ ಕೇಳಿರಲಿಲ್ಲ.

2023ರ ಅಕ್ಟೋಬರ್ 7ರ ನಂತರ ನಾನು ಕಲಿಯಬೇಕೆಂದಿರದ ಶಬ್ದಗಳೂ ಬಂದವು. ಮಿಲುಯಿಮ್, ಮೀಸಲು ಸೈನ್ಯದ ಕರೆ. ಅಜಾಕಾ, ಸೈರನ್. ಕೋಡ್ ರಿವ್ಯೂ ನಡುವೆ 'ಅಜಾಕಾ' ಅಂತ ಒಂದೇ ಪದ ಟೈಪ್ ಮಾಡಿ ಎದ್ದು ಹೋಗುತ್ತಿದ್ದರು. ಗಾಜಾದಲ್ಲಿ ಮನೆಗಳ ಮೇಲೆ ಬೀಳುತ್ತಿದ್ದ ಬಾಂಬಿನ ಆದೇಶವೂ ಇದೇ ಭಾಷೆಯಲ್ಲಿ, ಯುದ್ಧ ನಿಲ್ಲಿಸಿ ಅಂತ ಟೆಲ್ ಅವೀವಿನ ಬೀದಿಯಲ್ಲಿ ಎದ್ದ ಕೂಗೂ ಇದೇ ಭಾಷೆಯಲ್ಲಿ. ಕೆಲವು ತಿಂಗಳು ಪಾಠ ಬಿಟ್ಟಿದ್ದೆ. ಮತ್ತೆ ಶುರುಮಾಡಿದ್ದು ಯಾಕೆ ಅಂದರೆ ನನ್ನ ಹತ್ತಿರ ನೆಟ್ಟಗಿನ ಉತ್ತರ ಇಲ್ಲ.

ಕಟ್ಟಪ್ಪಣೆ ಹೊರಡಿಸಲಿಲ್ಲ. ಹೆಂಡತಿಯ ಮೈಸೂರು ಜೋಗುಳ ನಿಲ್ಲಿಸಿ ನಮ್ಮ ಭಾಷೆ ಉಳಿಸುವುದು ನನ್ನಿಂದಾಗದು. ಭಾನುವಾರ ಮೀಟಿಂಗು ಮುಗಿದ ಮೇಲೆ ಆಯಿಗೆ ಫೋನು ಹಚ್ಚಿ ಮಗಳ ಕೈಗೆ ಕೊಟ್ಟು ಬಾಲ್ಕನಿಗೆ ಹೋಗಿಬಿಡುತ್ತೇನೆ, ಅಷ್ಟೇ. ದುಭಾಷಿಗೆ ರಜೆ. ಮೊದಲ ವಾರಗಳಲ್ಲಿ ಬರೀ 'ಹಾಂ? ಹಾಂ?' ಕೇಳುತ್ತಿತ್ತು. ಕಳೆದ ವಾರ ಬಾಗಿಲ ಸಂದಿಯಿಂದ ಕಿವಿಗೆ ಬಿದ್ದದ್ದು ಇದು:

'ಅಜ್ಜಿ, ಯಂಗೆ ಆಸ್ರಿಗೆ ಬೇಕು.'

'ಎಂತ ಕೊಡ್ಲೇ ಕೂಸೇ, ಮಜ್ಜಿಗೆ ಅಡ್ಡಿಲ್ಯ?'

'ಅಡ್ಡಿಲ್ಲೆ. ಆದ್ರೆ ಐಸ್‌ಕ್ಯೂಬ್ ಹಾಕು.'

ಐಸ್‌ಕ್ಯೂಬ್ ಅಂದರೇನು ಅಂತ ವಿವರಿಸುವಷ್ಟರಲ್ಲಿ ಫೋನು ಕಟ್ಟಾಯ್ತು. ಊರಲ್ಲಿ ಮಳೆ ಹಿಡಿದಿರಬೇಕು.