ಹೆರ್ನ್‌ಹುಟ್ಟಿನ ಚೀಟು

1728ರ ಮೇ 3ರ ಸಂಜೆ ಜರ್ಮನಿಯ ಸ್ಯಾಕ್ಸನಿಯಲ್ಲಿರುವ ಹೆರ್ನ್‌ಹುಟ್ ಎಂಬ ಹಳ್ಳಿಯಲ್ಲಿ ಹಾಡಿನ ಕೂಟ ನಡೆದಿತ್ತು. ಊರಿನ ಯಜಮಾನ ಕೌಂಟ್ ಜಿನ್ಜೆಂಡಾರ್ಫ್ ಅಲ್ಲಿ ಸೇರಿದವರಿಗೆ ಒಂದು ಚಿಕ್ಕ ಮಾತು ಕೊಟ್ಟು, ನಾಳೆ ಇಡೀ ದಿನ ಇದು ನಿಮ್ಮ ಮನಸ್ಸಿನಲ್ಲಿರಲಿ ಎಂದ. ಅದೇ ರೂಢಿಯಾಯಿತು. ಬೆಳಗಾದರೆ ಒಬ್ಬ ಸಹೋದರ ಮನೆಮನೆಗೆ ಹೋಗಿ ಆ ದಿನದ ವಾಕ್ಯ ಹೇಳುತ್ತಿದ್ದ, ಮನೆಯವರ ಯೋಗಕ್ಷೇಮ ವಿಚಾರಿಸುತ್ತಿದ್ದ. ಆಗ ಊರಲ್ಲಿದ್ದದ್ದು 32 ಮನೆ.

ಆ ಮನೆಗಳಲ್ಲಿದ್ದವರು ಹೆಚ್ಚಾಗಿ ಮೊರೇವಿಯಾದಿಂದ ಓಡಿಬಂದವರು. ಅಲ್ಲಿ ಕ್ಯಾಥೊಲಿಕ್ ದೊರೆಗಳ ಕಣ್ತಪ್ಪಿಸಿ ತಮ್ಮ ನಂಬಿಕೆಯನ್ನು ಮುಚ್ಚಿಟ್ಟುಕೊಂಡು ಬದುಕಿದ್ದ ಕುಟುಂಬಗಳವು. ಕ್ರಿಶ್ಚಿಯನ್ ಡೇವಿಡ್ ಎಂಬ ಬಡಗಿ ಅವರನ್ನು ಗಡಿ ದಾಟಿಸಿ ಕರೆತಂದಿದ್ದ. 1722ರಲ್ಲಿ ಆ ಜಾಗದ ಮೊದಲ ಮರಕ್ಕೆ ಕೊಡಲಿ ಹಾಕಿದವನೂ ಅವನೇ. ಬಂದವರು ಕುಶಲಕರ್ಮಿಗಳು, ಬಡವರು. ಸಾಲದ್ದಕ್ಕೆ ತಮ್ಮತಮ್ಮಲ್ಲೇ ಜಗಳ. 1727ರ ಆಗಸ್ಟ್ 13ರ ಕರ್ತನ ಭೋಜನದ ಆರಾಧನೆಯಲ್ಲಿ ಜಗಳ ಕರಗಿ ಎಲ್ಲರೂ ಒಂದಾದರೆಂದು ಅವರ ಸಭೆ ಇಂದಿಗೂ ಆ ದಿನವನ್ನು ನೆನೆಯುತ್ತದೆ.

ಆದರೆ ಒಂದಾದ ಮೇಲೂ ಯಾರ ಮಾತು ನಡೆಯಬೇಕು? ಈ ಪ್ರಶ್ನೆಗೆ ಅವರು ಕಂಡುಕೊಂಡ ದಾರಿ ಚೀಟು. ಯೂದನ ಸ್ಥಾನಕ್ಕೆ ಮತ್ತೀಯನನ್ನು ಅಪೊಸ್ತಲರು ಆರಿಸಿದ್ದೂ ಚೀಟು ಹಾಕಿಯೇ ತಾನೇ ಎಂಬುದು ಅವರ ಆಧಾರ. ದೇವಸ್ಥಾನದಲ್ಲಿ ಹೂವಿನ ಪ್ರಸಾದ ಕೇಳುವುದನ್ನು ಕಂಡ ಕನ್ನಡಿಗರಿಗೆ ಇದು ತೀರ ಅಪರಿಚಿತವೇನಲ್ಲ. ಹಿರಿಯರು ಮೊದಲು ವಿಷಯ ಚರ್ಚಿಸಿ, ಪ್ರಾರ್ಥಿಸಿ, ಆಮೇಲೆ ಚೀಟಿ ಎತ್ತುತ್ತಿದ್ದರು. ಒಂದರಲ್ಲಿ ಹೌದು, ಒಂದರಲ್ಲಿ ಅಲ್ಲ. ಎಷ್ಟೋ ಸಲ ಜೊತೆಗೊಂದು ಖಾಲಿ ಚೀಟಿ. ಖಾಲಿ ಬಂದರೆ ಈಗ ಬೇಡ, ಕಾಯಿರಿ ಎಂದು ತಿಳಿಯುತ್ತಿದ್ದರು.

ಈ ಚೀಟಿಗಳು ಸಣ್ಣ ಕೆಲಸ ಮಾಡಲಿಲ್ಲ. ಕೆರಿಬಿಯನ್‌ನ ಸೇಂಟ್ ಥಾಮಸ್ ದ್ವೀಪದ ಗುಲಾಮರ ಪಾಡನ್ನು ಆಂಟನ್ ಎಂಬ ಕಪ್ಪುವರ್ಣದ ಸೇವಕನಿಂದ ಕೇಳಿದ ಮೇಲೆ ಇಬ್ಬರು ಯುವಕರು ಅಲ್ಲಿಗೆ ಹೋಗಲು ಮುಂದಾದರು. ಚೀಟು ಲಿಯೊನಾರ್ಡ್ ಡೋಬರ್‌ಗೆ ಹೋಗೆಂದಿತು, ಗೆಳೆಯ ಲಿಯೊಪೋಲ್ಡ್ ಹಿಂದೆ ಉಳಿದ. ಕುಂಬಾರ ಡೋಬರ್ ಮತ್ತು ಬಡಗಿ ಡೇವಿಡ್ ನಿಟ್ಶ್‌ಮನ್ 1732ರ ಆಗಸ್ಟ್ 21ರಂದು ಹೊರಟು ಡಿಸೆಂಬರ್‌ನಲ್ಲಿ ದ್ವೀಪ ತಲುಪಿದರು. 1741ರಲ್ಲಿ ಇದೇ ಡೋಬರ್ ಮುಖ್ಯ ಹಿರಿಯನ ಹುದ್ದೆ ಬಿಟ್ಟಾಗ ಲಂಡನ್ನಿನಲ್ಲಿ ಸಭೆ ಸೇರಿತು. ಯಾವ ಹೆಸರಿಗೂ ಚೀಟು ಒಪ್ಪಲಿಲ್ಲ. ಕೊನೆಗೆ ಆ ಹುದ್ದೆ ಯೇಸುಕ್ರಿಸ್ತನದೇ ಎಂದು ಸಾರಿ, ಮನುಷ್ಯರನ್ನು ಕೂರಿಸುವುದನ್ನೇ ಬಿಟ್ಟರು. ಅಧಿಕಾರದ ಕುರ್ಚಿಯನ್ನು ಹೀಗೆ ತೆರವಾಗಿಟ್ಟ ಸಂಸ್ಥೆಗಳು ಇತಿಹಾಸದಲ್ಲಿ ಅಪರೂಪ.

ಮದುವೆಯ ವಿಚಾರದಲ್ಲಿ ಮಾತ್ರ ಚೀಟು ತೊಡಕಾಯಿತು. ಮದುವೆಯಾಗಬೇಕೆಂದ ಸಹೋದರ ಹಿರಿಯರಿಗೆ ತಿಳಿಸಬೇಕು, ಒಬ್ಬ ಸಹೋದರಿಯ ಹೆಸರು ಮುಂದೆ ಬಂದ ಮೇಲೆ ಚೀಟು ಹಾಕಬೇಕು. ಹೌದೆಂದರೆ ಆಕೆಯನ್ನು ಕೇಳುವುದು. ಒಲ್ಲೆ ಎನ್ನುವ ಹಕ್ಕು ಆಕೆಗಿತ್ತು. ಅಲ್ಲ ಎಂದರೆ ಅಲ್ಲಿಗೇ ಮುಗಿಯಿತು.

ಮೊರೇವಿಯನ್ನರೆಂದೇ ಹೆಸರಾದ ಈ ಜನರ ಒಡನಾಟದಲ್ಲಿದ್ದ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿಯೂ ಇದನ್ನು ಮಾಡಿನೋಡಿದ. 1737ರ ಮಾರ್ಚ್‌ನಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ, ಸೋಫಿಯಾ ಹಾಪ್ಕಿ ಎಂಬ ಹುಡುಗಿಯನ್ನು ಮದುವೆಯಾಗಲೋ ಬೇಡವೋ ಎಂದು ಮನಸ್ಸು ತೂಗುಯ್ಯಾಲೆಯಾಡುತ್ತಿದ್ದಾಗ, ಅವನೂ ಗೆಳೆಯ ಡೆಲಮೋಟನೂ ಮೂರು ಚೀಟಿ ಬರೆದರು. ಮದುವೆಯಾಗು ಎಂದು ಒಂದು, ಈ ವರ್ಷ ಆ ಯೋಚನೆ ಬೇಡ ಎಂದು ಇನ್ನೊಂದು, ಇನ್ನೆಂದೂ ಆ ಯೋಚನೆ ಬೇಡ ಎಂದು ಮತ್ತೊಂದು. ಡೆಲಮೋಟ್ ಎತ್ತಿದ್ದು ಮೂರನೆಯದನ್ನು. ವೆಸ್ಲಿ ತಲೆಬಾಗಿದ. ಕೆಲವೇ ದಿನಗಳಲ್ಲಿ ಸೋಫಿಯಾ ಬೇರೊಬ್ಬನ ಕೈಹಿಡಿದಳು. ಮುಂದೆ ವೆಸ್ಲಿ ಆಕೆಗೆ ಕರ್ತನ ಭೋಜನ ನಿರಾಕರಿಸಿದ, ವ್ಯಾಜ್ಯ ಕೋರ್ಟಿಗೆ ಹೋಯಿತು, ವರ್ಷದ ಕೊನೆಗೆ ಅವನು ಊರನ್ನೇ ಬಿಡಬೇಕಾಯಿತು. ಚೀಟಿಗೆ ಒಪ್ಪಿದ್ದು ತಲೆ. ಹೃದಯ ಒಪ್ಪಿದಂತೆ ಕಾಣುವುದಿಲ್ಲ.

ಅಮೆರಿಕದ ಮೊರೇವಿಯನ್ ಸಭೆಗಳಲ್ಲೂ ತಲೆಮಾರು ಬದಲಾದಂತೆ ಗೊಣಗಾಟ ಹೆಚ್ಚಿತು. 1818ರ ಮಹಾಸಭೆ ಅಲ್ಲಿನ ಸಾಮಾನ್ಯ ಸದಸ್ಯರ ಮದುವೆಗೆ ಚೀಟು ಕಡ್ಡಾಯವಲ್ಲ ಎಂದಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಉಳಿದ ವಿಷಯಗಳಿಂದಲೂ ಅದು ಮರೆಯಾಯಿತು.

ಉಳಿದದ್ದು ದಿನದ ವಾಕ್ಯ. 1731ರಲ್ಲಿ ವರ್ಷವಿಡೀ ಸಾಲುವಷ್ಟು ವಾಕ್ಯಗಳು ಮೊದಲ ಸಲ ಪುಸ್ತಕವಾಗಿ ಅಚ್ಚಾದವು. ಅಂದಿನಿಂದ ಒಂದು ವರ್ಷವೂ ತಪ್ಪಿಲ್ಲ. ಈಗಲೂ ಹೆರ್ನ್‌ಹುಟ್ಟಿನಲ್ಲಿ ಹಳೆಯ ಒಡಂಬಡಿಕೆಯ ಸುಮಾರು 1,800 ವಚನಗಳ ಸಂಗ್ರಹದಿಂದ ಪ್ರತಿ ದಿನಕ್ಕೊಂದನ್ನು ಚೀಟು ಎತ್ತಿಯೇ ಆರಿಸುತ್ತಾರೆ, ಅದೂ ಕೆಲವು ವರ್ಷ ಮುಂಚಿತವಾಗಿ. ಜೊತೆಗಿನ ಹೊಸ ಒಡಂಬಡಿಕೆಯ ವಚನವನ್ನು ಸಂಪಾದಕರು ಹುಡುಕಿ ಹೊಂದಿಸುತ್ತಾರೆ. ದಿನದ ವಾಕ್ಯ ಯಾರ ಪ್ರಶ್ನೆಗೂ ಹೌದು-ಅಲ್ಲ ಹೇಳುವುದಿಲ್ಲ. ಅದರ ಆಯುಷ್ಯಕ್ಕೆ ಅದೇ ಕಾರಣವಿರಬೇಕು.

1939ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿದ್ದ ಜರ್ಮನ್ ದೇವತಾಶಾಸ್ತ್ರಜ್ಞ ಡೀಟ್ರಿಖ್ ಬಾನ್‌ಹಾಫರ್ ಈ ಪುಸ್ತಕವನ್ನು ದಿನವೂ ತೆರೆಯುತ್ತಿದ್ದ. ಅಮೆರಿಕದಲ್ಲೇ ಸುರಕ್ಷಿತವಾಗಿರಲು ಕೆಲಸ ಸಿದ್ಧವಿತ್ತು. ಜೂನ್ 20ರಂದು ಅವನು ಅದನ್ನು ಬೇಡವೆಂದ. ಚಳಿಗಾಲಕ್ಕೆ ಮುಂಚೆ ಬಂದುಬಿಡು ಎಂದು ಪೌಲನು ತಿಮೊಥೆಯನಿಗೆ ಬರೆದ ಮಾತನ್ನು ಓದಿದ್ದು ಜೂನ್ 26ರಂದು. ಅದು ದಿನವಿಡೀ ತನ್ನ ಬೆನ್ನು ಬಿಡಲಿಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡ. ಗಮನಿಸಬೇಕಾದದ್ದು ತಾರೀಖುಗಳ ಕ್ರಮ: ನಿರ್ಧಾರ ಮೊದಲು, ವಾಕ್ಯ ಆಮೇಲೆ. ಜುಲೈನಲ್ಲಿ ಜರ್ಮನಿಗೆ ಮರಳಲು ಹಡಗು ಹತ್ತಿದ. 1945ರ ಏಪ್ರಿಲ್ 9ರಂದು ನಾಜಿಗಳು ಅವನನ್ನು ಗಲ್ಲಿಗೇರಿಸಿದರು.

ಹೆರ್ನ್‌ಹುಟ್ಟಿನ ಇನ್ನೊಂದು ರೂಢಿ ವರ್ಷದ ಕೊನೆಯ ರಾತ್ರಿಯ ಜಾಗರಣೆ. ಅದು ವೆಸ್ಲಿಯ ಮೆಥಡಿಸ್ಟರಿಗೂ ಹಬ್ಬಿ, ಮಿಷನರಿಗಳೊಂದಿಗೆ ಕರ್ನಾಟಕದವರೆಗೂ ಬಂತು. ಡಿಸೆಂಬರ್ 31ರ ಆ ಆರಾಧನೆ ಮುಗಿದ ಮೇಲೆ ಇಲ್ಲಿನ ಎಷ್ಟೋ ಸಭೆಗಳಲ್ಲಿ ತಟ್ಟೆಯಿಂದ ಒಬ್ಬೊಬ್ಬರೂ ಒಂದು ವಾಗ್ದಾನದ ಚೀಟಿ ಎತ್ತಿಕೊಳ್ಳುತ್ತಾರೆ. ಮಗಳಿಗೆ ಬಂದ ಸಂಬಂಧ ಒಪ್ಪಬೇಕೇ, ಸಾಲ ಮಾಡಿ ಮನೆ ಕಟ್ಟಬೇಕೇ ಎಂಬುದನ್ನೆಲ್ಲ ಆ ಚೀಟಿಗೆ ಕೇಳುವುದಿಲ್ಲ. ಅದನ್ನು ಸತ್ಯವೇದದ ಪುಟಗಳ ನಡುವೆ ಇಟ್ಟು ಪ್ರಾರ್ಥಿಸುತ್ತಾರೆ, ಸಂಬಂಧದ ವಿಚಾರ ಮನೆಯಲ್ಲಿ ಕೂತು ಮಾತಾಡುತ್ತಾರೆ.