ಬೋಳುಭೂಮಿಯ ಗಾಳಿ

ಬೆಟ್ಟವಿಲ್ಲದ, ಕಡಲಿಲ್ಲದ, ಮೋಡದ ಸುಳಿವೂ ಇಲ್ಲದ ಭೂಮಿಯೊಂದನ್ನು ಲೆಕ್ಕದಲ್ಲಿ ನಿರ್ಮಿಸಿ, ಅದರ ಮೇಲೆ ಗಾಳಿಯು ಹೇಗೆ ಬೀಸೀತೆಂದು ನೋಡುವ ಪರಿಪಾಠವು ವಾಯುಮಂಡಲವನ್ನು ಗಣಿತದಿಂದ ಅನುಕರಿಸುವವರಲ್ಲಿ ಇಂದು ರೂಢವಾಗಿದೆ. ನಿಜವಾದ ಭೂಮಿಯ ಜಟಿಲತೆಯಲ್ಲಿ ದೋಷವೊಂದು ತಲೆದೋರಿದರೆ ಅದು ಮೋಡದ್ದೋ, ಬೆಟ್ಟದ್ದೋ, ಗಣಿತದ್ದೋ ಎಂದು ನಿರ್ಣಯಿಸುವುದು ದುಸ್ಸಾಧ್ಯ. ಬೋಳುಭೂಮಿಯಲ್ಲಾದರೋ ಅಪರಾಧಿಗೆ ಅವಿತುಕೊಳ್ಳಲು ಪೊದೆಯೇ ಇಲ್ಲ.

ಈ ಪದ್ಧತಿಯ ಮೂಲವನ್ನು ಅರಸುತ್ತ ಹೋದರೆ ಪ್ರಿನ್ಸ್‌ಟನ್ನಿನ ಉನ್ನತ ಅಧ್ಯಯನ ಸಂಸ್ಥೆಗೆ ಬರುತ್ತೇವೆ. ಜಾನ್ ಫಾನ್ ನಾಯ್ಮನ್ನರು ಅಲ್ಲಿ ಕಟ್ಟಿಸಿದ ಗಣಕಯಂತ್ರದ ಶೀಘ್ರಸ್ಮೃತಿಯಲ್ಲಿ ಹಿಡಿಯುತ್ತಿದ್ದುದು 1,024 ಸಂಖ್ಯೆಗಳು ಮಾತ್ರ. ಅಷ್ಟರಲ್ಲಿಯೇ ನಾರ್ಮನ್ ಫಿಲಿಪ್ಸರು ವಾಯುಮಂಡಲವನ್ನು ಎರಡೇ ಸ್ತರಗಳೆಂದು ಭಾವಿಸಿ, ದಕ್ಷಿಣೋತ್ತರವಾಗಿ 10,000 ಕಿಲೋಮೀಟರು, ಪೂರ್ವಪಶ್ಚಿಮವಾಗಿ 6,000 ಕಿಲೋಮೀಟರು ಹರಡಿದ ಪಟ್ಟಿಯೊಂದಕ್ಕೆ ಚೌಕುಳಿ ಹಾಕಿ, ದಕ್ಷಿಣವನ್ನು ಕಾಯಿಸಿ ಉತ್ತರವನ್ನು ತಣಿಸಿ, ನಿಶ್ಚಲವಾದ ಗಾಳಿಯಿಂದ ಲೆಕ್ಕವನ್ನಾರಂಭಿಸಿ, 130 ದಿನಗಳ ತರುವಾಯ ಅದರಲ್ಲಿ ಗೊತ್ತುಗುರಿಯಿಲ್ಲದ ಒಂದಿಷ್ಟು ಕ್ಷೋಭೆಯನ್ನು ಬೆರೆಸಿದರು. ಯಾರೂ ಹೇಳಿಕೊಡದಿದ್ದರೂ ಅಲೆಗಳೆದ್ದವು, ಮೇಲ್ಗಡೆ ರಭಸದ ಪಶ್ಚಿಮವಾಯು ಮೂಡಿತು. 1956ರಲ್ಲಿ ಪ್ರಕಟವಾದ ಆ ಫಲಿತಾಂಶವು ನೋಡಿದವರನ್ನು ಬೆರಗುಗೊಳಿಸಿತು. ಆದರೆ ಕ್ಷೋಭೆ ಬೆರೆತು ತಿಂಗಳೊಪ್ಪತ್ತಾಗುವಷ್ಟರಲ್ಲಿ ಲೆಕ್ಕವು ಹದಗೆಟ್ಟಿತು; ಸಂಖ್ಯೆಗಳು ಅಸಂಬದ್ಧವಾಗಿ ಬೆಳೆದವು.

ಕಾಲದ ಹೆಜ್ಜೆಯನ್ನು ಕಿರಿದಾಗಿಸಿದರೆ ಇಂಥ ವ್ಯಾಧಿ ವಾಸಿಯಾಗುವುದೆಂಬುದು ಸಾಮಾನ್ಯವಾದ ಎಣಿಕೆ. ಇದು ಅದಕ್ಕೆ ಬಗ್ಗುವ ವ್ಯಾಧಿಯಲ್ಲವೆಂದು 1959ರಲ್ಲಿ ಫಿಲಿಪ್ಸರೇ ತೋರಿಸಿಕೊಟ್ಟರು. ಎರಡು ಅಲೆಗಳ ಗುಣಾಕಾರದಿಂದ ಹುಟ್ಟುವ ಕಿರಿಯಲೆಯು ಚೌಕುಳಿಯ ಎರಡು ಅಂತರಗಳಿಗಿಂತಲೂ ಮೋಟಾದಾಗ, ಲೆಕ್ಕದ ಬಿಂದುಗಳು ಅದನ್ನು ಅದಾಗಿ ಗುರುತಿಸಲಾರದೆ ಬೇರೊಂದು ಹಿರಿಯಲೆಯೆಂದು ಭ್ರಮಿಸುತ್ತವೆ: ಸಿನಿಮಾದಲ್ಲಿ ಮುಂದಕ್ಕೋಡುವ ಸಾರೋಟಿನ ಚಕ್ರವು ಹಿಂದಕ್ಕೆ ಉರುಳುವಂತೆ ನಮಗೆ ತೋರುವುದಿಲ್ಲವೆ, ಹಾಗೆ. ಈ ಭ್ರಮೆ ಬೆಳೆದಂತೆಲ್ಲ ಇಲ್ಲದ ಶಕ್ತಿ ಸಂಚಯವಾಗುತ್ತದೆ. ಕಿರಿಯಲೆಗಳನ್ನು ಆಗಾಗ ಸೋಸಿ ತೆಗೆಯುವುದು ಫಿಲಿಪ್ಸರ ಚಿಕಿತ್ಸೆ. ಅದು, ನನ್ನ ದೃಷ್ಟಿಯಲ್ಲಿ, ಜ್ವರಕ್ಕೆ ಹಣೆಯ ಮೇಲೆ ಒದ್ದೆಬಟ್ಟೆ ಹಾಕಿದಂತೆ. ರೋಗದ ಬುಡಕ್ಕೇ ಕೈಹಾಕಿದವರು ಜಪಾನಿನಲ್ಲಿ ಹುಟ್ಟಿ ಲಾಸ್ ಏಂಜಲಿಸಿನಲ್ಲಿ ದುಡಿದ ಅಕಿಯೊ ಅರಕಾವಾ. ಗಾಳಿಯ ಚಲನಶಕ್ತಿಯೂ ಸುಳಿತನದ ವರ್ಗದ ಸರಾಸರಿಯೂ ಕೃತಕವಾಗಿ ಹೆಚ್ಚದಂತೆ ಸಮೀಕರಣದ ಪದಗಳನ್ನೇ ಜೋಡಿಸುವ ಕ್ರಮವನ್ನು ಅವರು 1966ರಲ್ಲಿ ಪ್ರಕಟಿಸಿದರು.

ಮಾದರಿಗಳು ಮುಂದೆ ಮಳೆ, ಮಣ್ಣು, ಮಂಜುಗಳನ್ನೆಲ್ಲ ತುಂಬಿಕೊಂಡು ಸ್ಥೂಲವಾದವು. ಒಂದರ ಗಾಳಿಯನ್ನು ಇನ್ನೊಂದರ ಗಾಳಿಯೊಡನೆ ಹೋಲಿಸುವುದೇ ಕಠಿಣವಾದಾಗ, 1994ರಲ್ಲಿ ಐಸಾಕ್ ಹೆಲ್ಡ್ ಮತ್ತು ಮ್ಯಾಕ್ಸ್ ಸುವಾರೆಜ್ ಅವರು ಪುನಃ ಬೋಳುಭೂಮಿಯನ್ನೇ ಮುಂದಿಟ್ಟರು. ಅಲ್ಲಿ ನೀರಾವಿಯಿಲ್ಲ, ಉಷ್ಣತೆಯನ್ನು ಗೊತ್ತುಪಡಿಸಿದ ಮಟ್ಟಕ್ಕೆ ಮೆಲ್ಲನೆ ಎಳೆಯುವ ಒಂದು ಸೂತ್ರ, ನೆಲದ ಸಮೀಪದಲ್ಲಿ ಘರ್ಷಣೆ, ಇಷ್ಟೆ. ಫಿಲಿಪ್ಸರ ಅಲೆಗಳು ತಿಂಗಳೊಂದನ್ನು ದಾಟಲು ತಿಣುಕಿದ್ದವು. ಈ ಪರೀಕ್ಷೆಯಲ್ಲಿ ಗಾಳಿಯನ್ನು 1,200 ದಿನ ಬೀಸಗೊಟ್ಟು, ಮೊದಲ 200 ದಿನಗಳನ್ನು ಬಿಟ್ಟು, ಮಿಕ್ಕ 1,000 ದಿನಗಳ ಸರಾಸರಿಯನ್ನು ತೆಗೆಯುತ್ತಾರೆ.