ಪೌರಾಡಳಿತವೂ ಶಕ್ತಿಯ ಮಿತವ್ಯಯವೂ

ಬೀದಿಯ ದೀಪ, ಕುಡಿಯುವ ನೀರು, ಕಟ್ಟಡದ ಪರವಾನಗಿ, ಇಷ್ಟಕ್ಕೆ ತನ್ನ ಕರ್ತವ್ಯವು ಮುಗಿಯಿತೆಂದು ಬಗೆದಿದ್ದ ಪೌರಸಂಸ್ಥೆಯು ಜಗತ್ತಿನ ವಾಯುಗುಣದ ಹೊಣೆಯಲ್ಲಿಯೂ ಪಾಲು ಹೊರಲು ಮುಂದಾದುದು ಸುಮಾರು 1990ರಿಂದೀಚೆಗೆ. ಆ ವರ್ಷ ಟೊರಾಂಟೊ ನಗರಸಭೆಯು ಇಂಗಾಲಾಮ್ಲದ ವಿಸರ್ಜನೆಯನ್ನು 2005ರೊಳಗೆ ಶೇಕಡ 20ರಷ್ಟು ತಗ್ಗಿಸುವ ಸಂಕಲ್ಪವನ್ನು ಕೈಗೊಂಡಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ನೆರೆದ ಸ್ಥಳೀಯ ಸರ್ಕಾರಗಳ ಸಮ್ಮೇಳನದಿಂದ ‘ಇಕ್ಲೆ’ ಎಂಬ ಸಂಘವು ಜನಿಸಿತು. 1992ರ ರಿಯೊ ಶೃಂಗಸಭೆಯ ಕಾರ್ಯಸೂಚಿಯು ತನ್ನ 28ನೆಯ ಅಧ್ಯಾಯವನ್ನು ಸ್ಥಳೀಯಾಡಳಿತಕ್ಕೆ ಮೀಸಲಿಟ್ಟಿತು.

ಸಂಕಲ್ಪಗಳು ಹೆಚ್ಚಿದಂತೆ ಅವುಗಳ ಕಾರಣಗಳನ್ನರಸುವ ವಿದ್ವಾಂಸರೂ ಕಾಣಿಸಿಕೊಂಡರು. ಅಮೆರಿಕದ ನಗರಗಳನ್ನು ಪರಿಶೀಲಿಸಿದ ಮಿಷೆಲ್ ಬೆಟ್ಸಿಲ್ ಅವರು, ಉಳಿತಾಯ, ಶುದ್ಧವಾಯು ಮೊದಲಾದ ಊರಿನ ಹಿತಗಳೊಡನೆ ಕೂಡಿಬಂದಾಗಲೇ ಈ ಕಾರ್ಯವು ನೆಲೆಯೂರುವುದೆಂದು 2001ರಲ್ಲಿ ನಿರೂಪಿಸಿದರು. ವಾಯುಗುಣದ ಕ್ಯೋಟೊ ಒಪ್ಪಂದದಿಂದ ಅಮೆರಿಕ ಸರ್ಕಾರವು ಹೊರಗುಳಿದಾಗ, 2005ರಲ್ಲಿ ಸಿಯಾಟಲ್‌ನ ಮೇಯರರ ಕರೆಗೆ ಓಗೊಟ್ಟು ನೂರಾರು ಮೇಯರರು ಅದರ ಗುರಿಯನ್ನು ತಮ್ಮ ನಗರಗಳಲ್ಲಿ ಪಾಲಿಸುವ ಒಡಂಬಡಿಕೆಗೆ ಸಹಿ ಹಾಕಿದರು. ಆದರೆ ಸಹಿಗಿಂತ ಶಾಸನವು ಬಲವತ್ತರವೆಂಬುದು ನನ್ನ ಅಭಿಪ್ರಾಯ. ಬಾರ್ಸಿಲೋನ ನಗರವು 2000ದಿಂದ, ಹೊಸ ಕಟ್ಟಡಗಳ ಬಿಸಿನೀರಿನಲ್ಲಿ ಶೇಕಡ 60 ಭಾಗವು ಸೂರ್ಯನ ಶಾಖದಿಂದಲೇ ಒದಗಬೇಕೆಂದು ವಿಧಿಸಿತು. ಆ ನಿಯಮದ ತತ್ತ್ವವನ್ನು 2006ರಲ್ಲಿ ಸ್ಪೇನ್ ದೇಶವೇ ತನ್ನ ಕಟ್ಟಡ ಸಂಹಿತೆಯಲ್ಲಿ ಅಂಗೀಕರಿಸಿತು.

ನಮಗೆ ಇನ್ನೂ ಸಮೀಪದ ದೃಷ್ಟಾಂತವು ಕೊಯಮತ್ತೂರು ಜಿಲ್ಲೆಯ ಓಡಂತುರೈ ಪಂಚಾಯತಿ. ನೀರೆತ್ತುವ ಪಂಪಿನ ವಿದ್ಯುತ್ ಬಿಲ್ಲು ಭಾರವಾಗಿ ಪರಿಣಮಿಸಲು, ಮೊದಲು ಸೌದೆಯ ಅನಿಲದಿಂದ ಪಂಪನ್ನು ನಡೆಯಿಸಿ, ಆ ಬಳಿಕ 2006ರಲ್ಲಿ ಬ್ಯಾಂಕಿನ ಸಾಲಕ್ಕೆ ತನ್ನ ಉಳಿತಾಯವನ್ನೂ ಸೇರಿಸಿ, 350 ಕಿಲೋವ್ಯಾಟಿನ ಗಾಳಿಯಂತ್ರವನ್ನು ಸ್ಥಾಪಿಸಿ, ತನ್ನ ಬಳಕೆಗೆ ಮಿಕ್ಕ ವಿದ್ಯುತ್ತನ್ನು ತಮಿಳುನಾಡು ವಿದ್ಯುತ್ ಮಂಡಲಿಗೆ ಮಾರತೊಡಗಿದ ಈ ಗ್ರಾಮವನ್ನು ಆ ಮಾರ್ಗಕ್ಕೆ ಪ್ರೇರಿಸಿದುದು ಯಾವ ಘೋಷಣೆಯೂ ಅಲ್ಲ, ತನ್ನ ಲೆಕ್ಕದ ಪುಸ್ತಕ.

ಕರ್ನಾಟಕದಲ್ಲಿ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರನ್ನು ಕಡ್ಡಾಯಗೊಳಿಸಿದುದು 2007ರ ರಾಜ್ಯ ಸರ್ಕಾರದ ಆದೇಶ. ಕೇಂದ್ರದ ‘ಸೌರನಗರ’ ಯೋಜನೆಗೆ ಮೈಸೂರೂ ಹುಬ್ಬಳ್ಳಿ-ಧಾರವಾಡವೂ ಸೇರಿದುವು; ಬೆಂಗಳೂರು 2023ರಲ್ಲಿ ತನ್ನ ಹವಾಮಾನ ಕ್ರಿಯಾಯೋಜನೆಯನ್ನು ಪ್ರಕಟಿಸಿತು. ಇವೆಲ್ಲ ಸ್ವಾಗತಾರ್ಹವೇ ಆದರೂ, ವಿದ್ಯುತ್ತಿನ ದರವಾಗಲಿ ತಂತಿಯಾಗಲಿ ಪಂಚಾಯತಿಯ ಅಧೀನವಲ್ಲ; ಬಿಲ್ಲು ಮಾತ್ರ ಅದರದು. ಸಂಜೆ ಬೀದಿದೀಪದ ಸ್ವಿಚ್ಚು ಹಾಕಿದ ನೀರುಗಂಟಿಯು ಬೆಳಿಗ್ಗೆ ಬೋರ್‌ವೆಲ್ಲಿನ ಕಡೆಗೆ ಧಾವಿಸಿದನೆಂದರೆ ದೀಪಗಳು ನಡುಹಗಲಿನವರೆಗೂ ಉರಿಯುತ್ತಲೇ ಇರುತ್ತವೆ. ಟೈಮರೊಂದನ್ನು ಕೂಡಿಸಿದರೆ ತಪ್ಪುವ ಈ ನಷ್ಟಕ್ಕೆ ಮಹಾಯೋಜನೆಯ ಅಗತ್ಯವಿಲ್ಲ. ಓದುಗರು ಮುಂದಿನ ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ, ಬೀದಿದೀಪಕ್ಕೂ ನೀರಿನ ಪಂಪಿಗೂ ಕಳೆದ ವರ್ಷ ತಗುಲಿದ ವಿದ್ಯುತ್ ವೆಚ್ಚವೆಷ್ಟೆಂದು ಕೇಳಬೇಕು. ಆ ಲೆಕ್ಕವನ್ನು ಸಭೆಯ ಮುಂದೆ ಓದಿಸಬೇಕು.